ಲಾರ್ಡ್ ಆಫ್ ದಿ ರಿಂಗ್ಸ್: ಮೂರು ಸಂಪುಟ, ಮೂರು ಹದ

ಟೋಲ್ಕಿನ್‌ರ ಈ ಕಲ್ಪನಾಲೋಕದ ಕಾದಂಬರಿ ಕೇಡಿನ ಉಂಗುರವೊಂದನ್ನು ನಾಶಮಾಡಲು ಹೊರಟವರ ಕಥೆ. 1954ರ ಮೊದಲ ಸಂಪುಟ ನಿಧಾನ. ಊಟ, ಹಾಡು, ನಡಿಗೆಯೇ ಜಾಸ್ತಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ಓದಲು ಅದೇ ಸರಿ. ಮೋರಿಯಾ ಗಣಿಯ ಕತ್ತಲಲ್ಲಿ ಮಾತ್ರ ಎದೆ ಝಲ್ಲೆನ್ನುತ್ತದೆ.

ಎರಡನೆಯದು ಎರಡು ಹೋಳು. ಮೊದಲರ್ಧ ಕುದುರೆ, ಕೋಟೆ, ನಡೆದಾಡುವ ಮರಗಳು. ಆಮೇಲೆ ಹೆಚ್ಚಾಗಿ ಉಂಗುರ ಹೊತ್ತ ಫ್ರೋಡೊ, ಅವನ ಜೊತೆಗಾರ ಸ್ಯಾಮ್, ಆ ಉಂಗುರಕ್ಕಾಗಿ ಹಪಹಪಿಸುವ ಗೊಲ್ಲಮ್ ಮೂವರೇ. ಜೌಗುನೀರಿನೊಳಗೆ ಸತ್ತವರ ಮುಖಗಳು ಕಾಣುವ ಜಾಗವಿದೆಯಲ್ಲ, ಅಲ್ಲಿ ಪುಸ್ತಕ ಮುಚ್ಚಿಟ್ಟು ಕಾಫಿಗೆ ಎದ್ದುಹೋದೆ. ಕಾಲೇಜಿನಲ್ಲಿ ಓದಿದಾಗ ಗೊಲ್ಲಮ್ ಮೇಲೆ ಬರೀ ಸಿಟ್ಟಿತ್ತು, ಈಗ ಕನಿಕರ. ಮೂರರಲ್ಲಿ ನನಗೆ ಇದೇ ಮೇಲು.

1955ರ ಕೊನೆಯದು ಗದುಗಿನ ಭಾರತದ ಯುದ್ಧಪರ್ವಗಳಷ್ಟು ಗಂಭೀರ. ಯುದ್ಧ ಸ್ವಲ್ಪ ಬೇಜಾರು. ಆದರೆ ಉಂಗುರ ನಾಶವಾದ ಮೇಲೆ ಫ್ರೋಡೊ, ಸ್ಯಾಮ್ ಊರಿಗೆ ಬಂದರೆ ಊರೇ ಹಾಳಾಗಿರುತ್ತದೆ. ಸಿನಿಮಾದವರು ಅದನ್ನು ಬಿಟ್ಟಿದ್ದು ಅನ್ಯಾಯ, ಅಲ್ವಾ?

ಒಂದೇ ದಪ್ಪ ಪ್ರತಿ ಬೇಡ, ಕೈ ನೋಯುತ್ತದೆ. ಬಿಡಿ ಮೂರನ್ನೇ ಕೊಳ್ಳಿ.