ಹೊಲದ ಬಂಡೆ ತೆಗೆಯೋದು: ಎತ್ತಬೇಕಾ, ಎಳೀಬೇಕಾ, ಒಡೀಬೇಕಾ?

ನಮ್ಮ ಹೊಲ ಬಾದಾಮಿ ತಾಲ್ಲೂಕಿನಲ್ಲಿ, ಗುಡ್ಡದ ಬುಡಕ್ಕೆ ಇದೆ. ಮಸಾರಿ ನೆಲ, ಅಂದರೆ ಕೆಂಪು ಮಣ್ಣು. ಎರಡು ಎಕರೆಗೆ ದಾಳಿಂಬೆ ಹಚ್ಚೋಣ ಅಂತ ಸಾಲು ಹಾಕಲು ಹೋದರೆ ಹೆಜ್ಜೆಗೊಂದು ಬಂಡೆ. ಎಣಿಸಿದೆ, ದೊಡ್ಡವೇ 23. ಕೈಯಲ್ಲಿ ಇದ್ದದ್ದು 24 ಎಚ್‌ಪಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್. ಎರಡು ಬೇಸಿಗೆ ಇದರಲ್ಲೇ ಹೋಯಿತು.

ಮೊದಲು ತೂಕದ ಮಾತು. ನಮ್ಮ ಕಡೆಯ ಕೆಂಪು ಮರಳುಗಲ್ಲು ಒಂದು ಘನ ಅಡಿಗೆ ಸುಮಾರು 65 ಕಿಲೋ ತೂಗುತ್ತದೆ. ಇಳಕಲ್ ಕಡೆಯ ಗ್ರಾನೈಟ್ ಆದರೆ 75ರ ಹತ್ತಿರ. ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ದಪ್ಪದ ಕಲ್ಲು ನೋಡಲಿಕ್ಕೆ ಏನೂ ಅನ್ನಿಸುವುದಿಲ್ಲ. ಸವೆದ ಮೂಲೆಗಳನ್ನು ಕಳೆದರೂ 600 ಕಿಲೋ ಆಗುತ್ತದೆ. ಅದೂ ಮೇಲೆ ಕಾಣುವ ಲೆಕ್ಕ. ಒಳಗೆ ಎಷ್ಟಿದೆ ಅನ್ನುವುದು ಸುತ್ತ ಅಗೆದು ಕಬ್ಬಿಣದ ಹಾರಿ ಹಾಕಿ ಮೀಟಿದ ಮೇಲೇ ಗೊತ್ತಾಗುವುದು.

ಎತ್ತಿ ಒಯ್ಯುವುದೇ ಸುಲಭ ಅಂದುಕೊಂಡು ಮೊದಲು ಅದನ್ನೇ ಮಾಡಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಕೂಡುವ ಕಬ್ಬಿಣದ ಉದ್ದ ತೋಳು ಮಾಡಿಸಿದೆ. ಅದಕ್ಕೆ ಸರಪಳಿ ಇಳಿಬಿಟ್ಟು, ಕಲ್ಲು ಕಟ್ಟಿ, ಹೈಡ್ರಾಲಿಕ್ ಎತ್ತುವುದು. ಟ್ರ್ಯಾಕ್ಟರ್ ಪುಸ್ತಕದಲ್ಲಿ 750 ಕಿಲೋ ಎತ್ತುತ್ತದೆ ಅಂತ ಬರೆದಿದೆ. ಸುಳ್ಳಲ್ಲ. ಆದರೆ ಆ ಲೆಕ್ಕ ಟ್ರ್ಯಾಕ್ಟರಿನದೇ ಹೈಡ್ರಾಲಿಕ್ ಲಿಫ್ಟಿನ ಕೆಳಗಿನ ಎರಡು ತೋಳುಗಳ ತುದಿಗೆ ಮಾತ್ರ. ನಾನು ಕಲ್ಲು ತೂಗುಬಿಟ್ಟದ್ದು ಅಲ್ಲಿಂದ ಮೂರಡಿ ಹಿಂದೆ. 350 ಕಿಲೋ ಇರಬಹುದಾದ ಕಲ್ಲು ಗೇಣುದ್ದ ಎದ್ದಿತು, ಅದರ ಜೊತೆ ಮುಂದಿನ ಗಾಲಿಗಳೂ ಎದ್ದವು. ಸ್ಟೀರಿಂಗ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಗಾಡಿ ಮಾತ್ರ ತಿರುಗಲಿಲ್ಲ. ಮುಂದೆ ಮರಳಿನ ಚೀಲ ಕಟ್ಟಿ ಮತ್ತೆ ನೋಡಿದೆ. ಒಡ್ಡು ಇಳಿಯುವಾಗ ಕಲ್ಲು ತೂಗಾಡಿ ಬಂದು ಬಡಿಯಿತು, ಲಿಫ್ಟಿನ ಮೇಲಿನ ಕಂಬಿ, ಅಂದರೆ ಟಾಪ್ ಲಿಂಕ್, ಬಗ್ಗಿತು. 200 ಕಿಲೋ ಒಳಗಿನ ಕಲ್ಲಿಗೆ ಈ ತೋಳು ಚಲೋ. ದೊಡ್ಡದಕ್ಕೆ ಬೇಡವೇ ಬೇಡ.

ಆಮೇಲೆ ಎಳೆಯಲು ನಿಂತೆ. ನೈಲಾನ್ ಹಗ್ಗ ಒಂದೇ ಸಲ ಬಳಸಿದೆ. ರಬ್ಬರಿನ ಹಾಗೆ ಜಗ್ಗಿ, ಹರಿದು, ನನ್ನ ಸೀಟಿನ ಹಿಂದೆ ಬಂದು ಹೊಡೆಯಿತು. ಅವತ್ತೇ 10 ಎಂಎಂ ಸರಪಳಿ ತಂದೆ. ಕಲ್ಲಿನ ಸೊಂಟಕ್ಕೆ ಸುತ್ತಿ ಎಳೆದರೆ ಕಲ್ಲು ಮೂಗು ಕೆಳಗೆ ಮಾಡಿ ಇನ್ನೂ ಆಳಕ್ಕೆ ಹೂತುಕೊಳ್ಳುತ್ತದೆ. ನಾಲ್ಕೂ ಗಾಲಿ ನಿಂತಲ್ಲೇ ತಿರುಗಿ ತಗ್ಗು ಮಾಡಿದವು. ಪಕ್ಕದ ಹೊಲದ ಕಾಕಾ ಒಡ್ಡಿನ ಮೇಲೆ ಕುಂತು ಬೀಡಿ ಸೇದುತ್ತಾ ಎಲ್ಲ ನೋಡುತ್ತಿದ್ದರು.

"ಏ ತಮ್ಮಾ, ಅದನ್ನ ಜಗ್ಗಬ್ಯಾಡ, ಹೊಳ್ಳಸು" ಅಂದರು.

ಬಂದು ತೋರಿಸಿಯೂ ಕೊಟ್ಟರು. ಟ್ರ್ಯಾಕ್ಟರ್ ಇರುವ ಕಡೆ ಮಣ್ಣು ಕೆತ್ತಿ ಇಳಿಜಾರು ಮಾಡಬೇಕು. ಸರಪಳಿಯ ಕೊಂಡಿಯನ್ನು ಕಲ್ಲಿನ ಆಚೆ ಬದಿಯ ಕೆಳ ಅಂಚಿಗೆ ಸಿಕ್ಕಿಸಿ, ಕಲ್ಲಿನ ತಲೆಯ ಮೇಲಿಂದ ಈಚೆಗೆ ತರಬೇಕು. ಈಗ ಲೋ ಗೇರಿನಲ್ಲಿ ಮೆಲ್ಲಗೆ ಬಿಗಿ ಮಾಡಿದರೆ ಹಿಂದಿನ ಅಂಚು ಏಳುತ್ತದೆ, ಕಲ್ಲು ನಮ್ಮ ಕಡೆ ಮಗುಚಿಕೊಳ್ಳುತ್ತದೆ. ನಮ್ಮ ಮರಳುಗಲ್ಲಿಗೆ ಚಪ್ಪಟೆ ಮೈ, ಚೂಪು ಅಂಚು ಇರುವುದರಿಂದ ಕೊಂಡಿ ಚೆನ್ನಾಗಿ ಕೂರುತ್ತದೆ. ಗುಂಡನೆಯ ಗ್ರಾನೈಟ್ ಆದರೆ ಜಾರುತ್ತದೆ. ಅರ್ಧ ದಿನ ಅಲುಗದ ಕಲ್ಲು ಐದು ನಿಮಿಷದಲ್ಲಿ ಹೊರಬಂತು. ಅದರ ಕೆಳಗೆ ಎರಡು ಚೇಳು. ಹಾಗಾಗಿ ಕಲ್ಲಿನ ಅಡಿಗೆ ಬರಿಗೈ ಹಾಕಬೇಡಿ.

ಒಂದು ಮಾತು, ಇದರಲ್ಲಿ ಅಸಡ್ಡೆ ಬೇಡ. ಎಳೆಯುವಾಗ ಸರಪಳಿಯನ್ನು ಯಾವತ್ತೂ ಡ್ರಾಬಾರಿಗೇ, ಅಂದರೆ ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ ಹಾಕಿ. ಟಾಪ್ ಲಿಂಕಿಗೆ ಅಥವಾ ಎತ್ತಿದ ಲಿಫ್ಟಿಗೆ ಕಟ್ಟಿದರೆ, ಕಲ್ಲು ಜಗ್ಗದಿದ್ದಾಗ ಟ್ರ್ಯಾಕ್ಟರ್ ತನ್ನ ಹಿಂದಿನ ಗಾಲಿಯ ಮೇಲೇ ಎದ್ದು ಚಾಲಕನ ಮೇಲೆ ಬೀಳುತ್ತದೆ. ಕ್ಲಚ್ ಒತ್ತುವಷ್ಟೂ ಹೊತ್ತು ಸಿಗುವುದಿಲ್ಲ.

ಹೊರಬಂದ ಕಲ್ಲನ್ನು ಒಡ್ಡಿಗೆ ಒಯ್ಯಲು ತಗಡೇ ಸರಿ. ಗುಜರಿಯಿಂದ ಹಳೆಯ ಟ್ರೇಲರಿನ ತಳ ತಂದು, ಮುಂದಿನ ಅಂಚು ಮೇಲಕ್ಕೆ ಬಗ್ಗಿಸಿದೆ. ಮನೆಯಲ್ಲಿ ಎಲ್ಲರೂ ಅದಕ್ಕೆ ಜಾರುಬಂಡಿ ಅಂತಾರೆ. ಅದನ್ನು ಕಲ್ಲಿನ ಮುಂದೆ ಹಾಸಿ, ಸರಿಯದ ಹಾಗೆ ಮುಂದೆ ಎರಡು ಹಾರಿ ಹುಗಿದು, ಕಲ್ಲನ್ನು ಅದರ ಮೇಲೇ ಹೊಳ್ಳಿಸಿದರೆ ಆಯಿತು. ಆಮೇಲೆ ಅದೇ ಸರಪಳಿಯನ್ನು ತಗಡಿಗೆ ಹಾಕಿ ಹೊರಡುವುದು. ನೆಲ ಒಣಗಿರಬೇಕು ಅಷ್ಟೇ. 23ರಲ್ಲಿ 11 ಹೀಗೇ ಹೋದವು. ಇಳಿಜಾರಿನಲ್ಲಿ ಮಾತ್ರ ತಗಡು ಹಿಂದಿನಿಂದ ಬಂದು ಗಾಲಿಗೆ ಗುದ್ದುತ್ತದೆ. ಅಲ್ಲಿ ಅಡ್ಡಕ್ಕೆ ಸುತ್ತುಹಾಕಿ ಹೋಗಬೇಕು.

ಜೆಸಿಬಿ? ತರಿಸಿದ್ದೆ. ತಾಸಿಗೆ 1,300 ರೂಪಾಯಿ, ಎರಡು ತಾಸಿಗೆ ಎಂಟು ಬಂಡೆ. ಕೆಲಸ ಹೂ ಎತ್ತಿದ ಹಾಗೆ. ಆದರೆ ಮೇಲಿನ ಮಣ್ಣು ಕೆಳಗೆ, ಕೆಳಗಿನ ಗರಸು ಮೇಲೆ ಬಂತು. ಎರಡು ಕಡೆ ಡ್ರಿಪ್ ಪೈಪೂ ಹೋಯಿತು. ಇನ್ನೂ ಏನೂ ಹಚ್ಚದ ಖಾಲಿ ಹೊಲವಾಗಿದ್ದು, ಕಲ್ಲು ಹತ್ತಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ಜೆಸಿಬಿನೇ ಕರೆಸಿ. ಎರಡು ಬೇಸಿಗೆಯ ಡೀಸೆಲ್, ಟಾಪ್ ಲಿಂಕ್ ರಿಪೇರಿ ಲೆಕ್ಕ ಹಾಕಿದರೆ ನನಗೂ ಮೊದಲೇ ಅದೇ ಅಗ್ಗ ಆಗುತ್ತಿತ್ತು. ಗಿಡ ಬಂದ ಮೇಲೆ ಅದು ಸಾಲಿನಲ್ಲಿ ತಿರುಗಲು ಜಾಗ ಇಲ್ಲ, ಅಲ್ವಾ?

ಉಳಿದ ನಾಲ್ಕರಲ್ಲಿ ಮೂರನ್ನು ಕಲ್ಲು ಒಡೆಯುವವರಿಂದ ಒಡೆಸಿದೆ. ಗೇಣಿಗೊಂದರಂತೆ ಸಾಲಾಗಿ ತೂತು ಹಾಕಿ, ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೊಂದೇ ಪೆಟ್ಟು. ಸದ್ದು ಕೀರಲಾಗುತ್ತಾ ಹೋಗಿ, ಕೊನೆಗೆ ಒಂದು ಮೊಂಡು ಸದ್ದು ಬರುತ್ತದೆ. ಅಷ್ಟರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಮರಳುಗಲ್ಲು ಪದರದ ಗುಂಟ ಹಲಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ದಿನದ ಕೂಲಿ ಕೊಟ್ಟೆ, ಆದರೆ ಒಡ್ಡಿಗೆ ಬೇಕಾದ ಕಲ್ಲೂ ಸಿಕ್ಕಿತು.

ಕೊನೆಯದು ಬೇವಿನ ಮರದ ಬುಡದಲ್ಲಿದೆ. ಹಾರಿಗೆ ಅಲುಗಲಿಲ್ಲ, ಸುತ್ತ ಮೂರಡಿ ಅಗೆದರೂ ಅಂಚು ಸಿಗಲಿಲ್ಲ. ದಾಳಿಂಬೆ ಸಾಲನ್ನೇ ಆರಡಿ ಆಚೆ ಸರಿಸಿದೆ.