ಹೈವೇ ಪಂಚರ್ ಅಂಗಡಿಯಲ್ಲಿ ಟೈರ್ ಬಿಟ್ಟು ಒಂದು ಹೆಜ್ಜೆನೂ ಕದಲಬೇಡಿ

ಹೊಸಪೇಟೆಯಿಂದ ಕುಷ್ಟಗಿ ಮೇಲೆ ಇಳಕಲ್, ವಿಜಯಪುರದ ಕಡೆ ಕಾರಲ್ಲಿ ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ದಾರಿಯಲ್ಲಿ ಟೀ ಕುಡಿಯೋಕೆ ನಿಂತಾಗ ಯಾರಾದರೂ ಹುಡುಗ ಬಂದು "ಸರ್, ಹಿಂದಿನ ಗಾಲಿ ಕುಂತೇತ್ರಿ" ಅಂದರೆ ಅವನ ಕೈಗೆ ನಿಮ್ಮ ಟೈರ್ ಕೊಡಬೇಡಿ. ಕೊಡಲೇಬೇಡಿ.

ಬಳ್ಳಾರಿಯಿಂದ ಪಂಢರಪುರಕ್ಕೆ ಹೊರಟಿದ್ದೆವು. ಅಪ್ಪ, ಅಮ್ಮ, ಹೆಂಡತಿ, ಮಗಳು, ಡಿಕ್ಕಿ ತುಂಬ ಲಗೇಜು. ಆಯಿಲ್, ಕೂಲಂಟ್, ಬ್ರೇಕ್ ಎಲ್ಲ ನೋಡಿಸಿದ್ದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಟೈರ್ ತಣ್ಣಗಿದ್ದಾಗಲೇ, ಗಾಳಿ ಅಳೆಯೋ ನನ್ನದೇ ಗೇಜ್ ಇಟ್ಟು ನಾಲ್ಕೂ ಟೈರ್ ನೋಡಿದ್ದೆ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಫುಲ್ ಲೋಡಿಗೆ ಎಷ್ಟು ಅಂತ ಇದೆಯೋ ಅಷ್ಟೇ, 36 ಪಿಎಸ್‌ಐ. ಸ್ಟೆಪ್ನಿಗೂ ಗಾಳಿ ಹಾಕಿಸಿದ್ದೆ. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದರೆ, ಆಮೇಲೆ ಕೇಳಿದವರೆಲ್ಲ "ಹೊರಡೋ ಮುಂಚೆ ಚೆಕ್ ಮಾಡಿಸಬೇಕಿತ್ತು" ಅಂತ ನನಗೇ ಬುದ್ಧಿ ಹೇಳಿದರು. ಮಾಡಿದ್ದೆ ಸ್ವಾಮಿ. ಎಲ್ಲಾ ಮಾಡಿದ್ದೆ.

ಹಿಟ್ನಾಳ ದಾಟಿ, ಕುಷ್ಟಗಿ ಇನ್ನೂ ಮುಂದಿದೆ ಅನ್ನುವಾಗ ಟೀಗೆ ನಿಲ್ಲಿಸಿದೆ. ಪಕ್ಕದಲ್ಲೇ ಪಂಚರ್ ಅಂಗಡಿ. ಅಲ್ಲಿವರೆಗೆ ಗಾಡಿ ಒಂದು ಕಡೆ ಎಳೆದಿಲ್ಲ, ಹಿಂದೆ ಅಲ್ಲಾಡಿಲ್ಲ, ಸದ್ದಿಲ್ಲ. ಇಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲೇ ಹುಡುಗ ಹಾಜರ್. "ಗಾಲಿ ಕುಂತೇತ್ರಿ ಸರ್, ಗಾಳಿ ಫ್ರೀ, ರೊಕ್ಕ ಏನ್ ಬ್ಯಾಡ್ರಿ." ಅವನ ಗೇಜ್ ಇಟ್ಟ, 22 ತೋರಿಸಿದ. ಬಿಸಿಲಲ್ಲಿ ಅಷ್ಟು ದೂರ ಓಡಿದ ಟೈರ್ 36ಕ್ಕಿಂತ ಜಾಸ್ತಿ ತೋರಿಸಬೇಕು ಅಲ್ವಾ? 22 ಹೇಗೆ ಬರುತ್ತೆ? "ತಡಿಯಪ್ಪ, ನನ್ನ ಹತ್ರಾನೂ ಗೇಜ್ ಇದೆ" ಅಂದೆ. "ಅವೆಲ್ಲ ಆನ್‌ಲೈನ್ ಮಾಲ್ರಿ ಸರ್, ಸುಳ್ಳು ತೋರಸ್ತಾವ" ಅಂದ.

ನಾನು ಡ್ಯಾಶ್‌ಬೋರ್ಡಿನಿಂದ ಗೇಜ್ ತರೋಕೆ ಹೋದೆ. ಬಾಗಿಲು ತೆಗೆದು, ಖಾನೆ ತೆಗೆದು, ಅಮ್ಮನ ಮಾತ್ರೆ ಡಬ್ಬಿ ಸರಿಸಿ ಗೇಜ್ ತಗೊಂಡೆ. ಅಷ್ಟೇ ಹೊತ್ತು. ವಾಪಸ್ ಬಂದಾಗ ಅವನು ಕುಕ್ಕರಗಾಲಲ್ಲಿ ಕೂತು, ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಟೈರ್ ಒರೆಸುತ್ತಿದ್ದ. ಸೋಪಿನ ನೀರು ಹಚ್ಚಿದ್ದ. ಪುಸ್ಸ್ ಅಂತ ಸದ್ದು. ಒಂದು ಕಡೆ ಗುಳ್ಳೆ, ಮತ್ತೆ ಪಕ್ಕದಲ್ಲಿ ಗುಳ್ಳೆ, ಮತ್ತೆ ಅದರ ಪಕ್ಕದಲ್ಲಿ. ನಾಲ್ಕು ನಾಲ್ಕು ಬೆರಳು ಅಂತರ ಬಿಟ್ಟು, ಸಾಲಾಗಿ, ಐದು. ಒಂದೇ ಟೈರಿನಲ್ಲಿ ಐದು ಪಂಚರ್! ಐದು ತೂತು ಇರೋ ಟೈರ್ ಬಳ್ಳಾರಿಯಿಂದ ಅಲ್ಲಿವರೆಗೆ ಓಡಿ ಬಂತಂತೆ. ಅದೂ ಐದು ಜನರನ್ನ ಹೊತ್ಕೊಂಡು.

ಒಂದು ಮೊಳೆ ಇಲ್ಲ, ಒಂದು ಮುಳ್ಳಿಲ್ಲ. ಕೇಳಿದೆ. "ಬಳ್ಳಾರಿಯವರಲ್ರಿ ನೀವು? ನಿಮ್ಮೂರ ಜಾಲಿ ಮುಳ್ಳೇ ಸರ್, ಮುರದು ಒಳಗ ಬಿದ್ದೈತಿ" ಅಂತ ನಗುತ್ತಾ ಹೇಳಿದ. ನಗುತ್ತಾ! ನನಗೆ ಆಗಲೇ ಗೊತ್ತಾಗಿ ಹೋಯಿತು. ಮೈಯೆಲ್ಲ ಉರಿದು ಹೋಯಿತು. ಆದರೆ ಗುಳ್ಳೆ ಕಣ್ಣೆದುರಿಗಿದೆ, ಗಾಳಿ ಹೋಗ್ತಾ ಇದೆ. ಅವನು ಚುಚ್ಚಿದ್ದನ್ನ ನಾನು ಕಣ್ಣಾರೆ ನೋಡಿಲ್ಲ. ಏನಂತ ಜಗಳ ಮಾಡೋದು?

"ಬೇಡ, ಸ್ಟೆಪ್ನಿ ಹಾಕಿಕೊಂಡು ಹೋಗ್ತೀನಿ" ಅಂದೆ. ಅದಕ್ಕೆ ಅವನು ಹೇಳಿದ್ದು ಕೇಳಿ: "ಹಂಗಾರ ಅದನ್ನೂ ಚೆಕ್ ಮಾಡ್ಲೇನ್ರಿ ಸರ್?" ಈ ಮಾತು ಇವತ್ತಿಗೂ ಕಿವಿಯಲ್ಲೇ ಇದೆ. ಅಷ್ಟರಲ್ಲಿ ನೆರಳಲ್ಲಿ ಕೂತಿದ್ದ ಅಂಗಡಿ ಯಜಮಾನ ಎದ್ದು ಬಂದ. "ಟೈರ್ ಹಳೇದಾಗ್ಯಾವ್ರಿ." ನಾನು ಟೈರಿನ ಬದಿಯಲ್ಲಿರೋ ನಾಲ್ಕು ಅಂಕಿ ತೋರಿಸಿದೆ, 3124. ಅಂದರೆ 2024ರ 31ನೇ ವಾರ ತಯಾರಾದ ಮಾಲು. ಹಳೇದು ಹೇಗಾಗುತ್ತೆ? ಅದಕ್ಕೆ ಉತ್ತರ ಇಲ್ಲ. ಅಪ್ಪನ ಕಡೆ ತಿರುಗಿ, "ಯಜಮಾನ್ರ, ಹೆಣ್ಮಕ್ಳನ್ನ ಕರ್ಕೊಂಡು ಹೊಂಟೀರಿ, ರಿಸ್ಕ್ ಯಾಕ್ರಿ?" ಅಂದ. ಅಪ್ಪ ಹೆದರಿದರು. "ಹೋಗ್ಲಿ ಬಿಡೋ, ಹಾಕಿಸಿಬಿಡು" ಅಂದರು. ಮಗಳ ಮುಂದೆ, ಟೀ ಅಂಗಡಿಯವರ ಮುಂದೆ, ಗೊತ್ತಿದ್ದೂ ಗೊತ್ತಿದ್ದೂ ದುಡ್ಡು ಕೊಟ್ಟೆ. ಒಂದಕ್ಕೆ 300ರಂತೆ 1500. ಬಳ್ಳಾರಿಯಲ್ಲಿ ನಾನು ಟ್ಯೂಬ್‌ಲೆಸ್ ಟೈರಿಗೆ ಬತ್ತಿ ಹಾಕಿಸಲು ಕೊಡುವುದು 100.

ಬಿಲ್ ಕೇಳಿದೆ. "ಪಂಚರ್‌ಗೆ ಯಾರ್ ಬಿಲ್ ಕೊಡ್ತಾರ್ರಿ?" ಅಂದ.

ಊರಿಗೆ ಬಂದು ನಮ್ಮ ಖಾಯಂ ಟೈರ್ ಅಂಗಡಿಗೆ ಹೋದೆ. ಅವರು ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗಡೆ ಬೆರಳಾಡಿಸಿದರು. ಒಳಗೆ ಮುಳ್ಳಿನ ಚೂರೂ ಇಲ್ಲ. "ಇದು ಮುಳ್ಳಲ್ಲ ಸರ್, ದಬ್ಬಣದಲ್ಲಿ ಚುಚ್ಚಿರೋದು" ಅಂದರು. ಒಂದು ತೂತಂತೂ ಟೈರಿನ ಅಂಚಿಗೇ ಬಂದಿದೆ. ರಸ್ತೆ ಮುಟ್ಟುವ ಭಾಗದಲ್ಲಾದರೆ ಪಂಚರ್ ಹಾಕಬಹುದು, ಅಂಚು, ಸೈಡ್‌ಗೋಡೆಯಲ್ಲಿ ಹಾಕಿದ್ದು ನಿಲ್ಲಲ್ಲ, ಸ್ಪೀಡಲ್ಲಿ ಹೋಗುವಾಗ ಒಡೆದರೆ ಗತಿ ಏನು? ಆ ಟೈರಲ್ಲೇ ನಾನು ಸೊಲ್ಲಾಪುರ ದಾಟಿ, ಅಪ್ಪ ಅಮ್ಮನನ್ನ ಕೂರಿಸಿಕೊಂಡು ಹೋಗಿ ಬಂದಿದ್ದೇನೆ. 1500 ಹಾಳಾಗಿ ಹೋಗಲಿ. ನನ್ನ ಸಿಟ್ಟಿರೋದು ಇದಕ್ಕೆ. ನಾಲ್ಕು ಕಾಸಿಗೆ ಮನೆಮಂದಿಯ ಜೀವದ ಜೊತೆ ಆಟ ಆಡ್ತಾರಲ್ಲ, ಇದಕ್ಕೆ. ಹೊಸ ಟೈರ್ ಹಾಕಿಸಬೇಕಾಯಿತು.

ಫೋನ್‌ಪೇ ಮಾಡಿದ್ದ ನಂಬರಿಗೆ ಫೋನ್ ಮಾಡಿದೆ. "ಯಾವ ಗಾಡೀರಿ? ದಿನಾ ನೂರು ಗಾಡಿ ಬರ್ತಾವ." ದಬ್ಬಣದ ವಿಷಯ ಎತ್ತಿದ ಕೂಡಲೇ "ಸಾಕ್ಷಿ ಐತೇನ್ರಿ?" ಅಂದ. ಆಮೇಲೆ ಬ್ಲಾಕ್.

ನೀವು ಇಷ್ಟು ಮಾಡಿ. ಕಾರಿನ ಸಾಕೆಟ್ಟಿಗೆ ಹಾಕುವ ಗಾಳಿ ಪಂಪ್ ಒಂದು ಇಟ್ಟುಕೊಳ್ಳಿ, ನಾನು ಈಗ ತಗೊಂಡಿದ್ದೇನೆ. ಇಲ್ಲವಾದರೆ ಪೆಟ್ರೋಲ್ ಬಂಕಿನಲ್ಲೇ ಗಾಳಿ ನೋಡಿಸಿ, ಅಲ್ಲಿ ಗಾಳಿ ಫ್ರೀ ಕೊಡಲೇಬೇಕು. ಗೇಜ್ ಜೇಬಿನಲ್ಲಿರಲಿ, ಡ್ಯಾಶ್‌ಬೋರ್ಡಿನಲ್ಲಲ್ಲ. ನಿಜವಾಗಿ ಪಂಚರ್ ಆದರೂ ಸ್ಟೆಪ್ನಿ ನೀವೇ ಹಾಕಿಕೊಂಡು ಮುಂದಿನ ಊರಿಗೆ ಹೋಗಿ. ಬೇರೆ ದಾರಿನೇ ಇಲ್ಲ ಅಂದರೆ ಅವನು ಟೈರ್ ಮುಟ್ಟಿದ ಕ್ಷಣದಿಂದ ವಿಡಿಯೋ ಮಾಡ್ತಾ ನಿಲ್ಲಿ, ಬಟ್ಟೆ ಸುತ್ತಿದ ಕೈ ಟೈರ್ ಹತ್ತಿರ ಬರೋಕೆ ಬಿಡಬೇಡಿ. ನಿಜವಾದ ಮುಳ್ಳೋ ಮೊಳೆಯೋ ಆದರೆ ಸಾಮಾನ್ಯವಾಗಿ ಟೈರಲ್ಲೇ ಸಿಕ್ಕಿಕೊಂಡಿರುತ್ತೆ. ಅದನ್ನು ತೋರಿಸು ಅನ್ನಿ. ನ್ಯಾಷನಲ್ ಹೈವೇಯಲ್ಲಿ ಸಿಕ್ಕಿಹಾಕಿಕೊಂಡರೆ 1033 ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದುಡ್ಡು ಹಾಕಿದ ದಾಖಲೆ, ಬಿಚ್ಚಿದ ಟೈರಿನ ಒಳಗಿನ ಫೋಟೋ ಎರಡೂ ಇಟ್ಟುಕೊಂಡಿದ್ದೇನೆ. ಅದೇ ದಾರಿಯಲ್ಲಿ ನಿಮಗೂ ಹೀಗೇ ಸಾಲಾಗಿ ತೂತು ಬಿದ್ದಿದ್ದರೆ ಸುಮ್ನೆ ಕೂರಬೇಡಿ, ನೀವೂ ಕೊಡಿ. ನನ್ನೊಬ್ಬನ ದೂರಿಗೆ ಅವರು "ಸಾಕ್ಷಿ ಐತೇನ್ರಿ" ಅನ್ನಬಹುದು. ಹತ್ತು ಜನ ಕೊಟ್ಟರೆ ಏನಂತಾರೆ ನೋಡೋಣ.