ಬಾಡಿಗೆದಾರರ ಮೇಲೆ ಕೇಸ್ ಹಾಕುವ ಮುಂಚೆ: ಮನೆ ಯಾರ ಹೆಸರಲ್ಲಿದೆ, ಅಗ್ರಿಮೆಂಟ್ ಯಾರ ಹೆಸರಲ್ಲಿದೆ?

ಮನೆಯ ಒಂದು ಮಹಡಿಯನ್ನು ಬಾಡಿಗೆಗೆ ಕೊಟ್ಟಿರುವವರು ದಯವಿಟ್ಟು ಇವತ್ತೇ ಒಂದು ಕೆಲಸ ಮಾಡಿ. ಕ್ರಯಪತ್ರ, ಖಾತಾ, ಬಾಡಿಗೆ ಅಗ್ರಿಮೆಂಟ್ ಮೂರನ್ನೂ ಬೀರುವಿನಿಂದ ತೆಗೆದು ಒಟ್ಟಿಗೆ ಇಟ್ಟು ನೋಡಿ. ಮೂರರಲ್ಲೂ ಒಂದೇ ಹೆಸರು ಇದೆಯಾ? ಇಲ್ಲ ಅಂದರೆ ಇದನ್ನು ಪೂರ್ತಿ ಓದಿ. ನಮ್ಮ ದೊಡ್ಡಪ್ಪ, ದೊಡ್ಡಮ್ಮ ಈ ಒಂದು ವಿಷಯಕ್ಕೆ ತಮ್ಮದೇ ಮನೆಗಾಗಿ ಎರಡು ಸಲ ಕೇಸ್ ಹಾಕಬೇಕಾಯಿತು. ಅವರ ಮಕ್ಕಳು ಹೊರದೇಶದಲ್ಲಿದ್ದಾರೆ. ಹಾಗಾಗಿ ಜೊತೆಗೆ ಕೋರ್ಟಿಗೆ ಓಡಾಡಿದವಳು ನಾನು.

ಮನೆ ಬೆಂಗಳೂರಿನಲ್ಲಿದೆ. ಸೈಟು ತೆಗೆದುಕೊಂಡಾಗ ದೊಡ್ಡಪ್ಪ ಅದನ್ನು ದೊಡ್ಡಮ್ಮನ ಹೆಸರಿಗೆ ಮಾಡಿಸಿದ್ದರು. ಕ್ರಯಪತ್ರ, ಖಾತಾ, ತೆರಿಗೆ ರಸೀದಿ ಎಲ್ಲ ಅವರದೇ ಹೆಸರಲ್ಲಿ. ಆದರೆ ಬಾಡಿಗೆ ವ್ಯವಹಾರ ನೋಡಿಕೊಳ್ಳುತ್ತಿದ್ದವರು ದೊಡ್ಡಪ್ಪ. ಬ್ರೋಕರ್ ತಂದ 11 ತಿಂಗಳ ಅಗ್ರಿಮೆಂಟಿಗೆ 'ಮಾಲೀಕರು' ಅಂತ ಸಹಿ ಹಾಕಿದ್ದು ಅವರೇ. ಬಾಡಿಗೆ ಬರುತ್ತಿದ್ದದ್ದೂ ಅವರ ಅಕೌಂಟಿಗೆ. ಎಷ್ಟೋ ಮನೆಗಳಲ್ಲಿ ಹೀಗೇ ಇರುತ್ತದೆ ಅಲ್ವಾ? ಗಂಡ ಹೆಂಡತಿ ನಡುವೆ ನಿನ್ನದು ನನ್ನದು ಅಂತ ಯಾರು ನೋಡುತ್ತಾರೆ?

ಮೊದಮೊದಲು ಬಾಡಿಗೆ ಸರಿಯಾಗಿ ಬಂತು. ಅಗ್ರಿಮೆಂಟ್ ಮುಗಿದ ಮೇಲೂ ಬಾಡಿಗೆಯವರು ಹಾಗೇ ಮುಂದುವರಿದರು. ಆಮೇಲೆ ಒಂದು ತಿಂಗಳು ತಡ, ಮತ್ತೊಂದು ತಿಂಗಳು ಅರ್ಧ, ಕೊನೆಗೆ ಏನೂ ಇಲ್ಲ. ಕೇಳಿದರೆ "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಸಾರ್" ಅನ್ನುತ್ತಿದ್ದರು. ಅಡ್ವಾನ್ಸ್ ಕರಗಿ ಹೋದ ಮೇಲೆ ಫೋನ್ ತೆಗೆಯುವುದನ್ನೇ ಬಿಟ್ಟರು. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಪೊಲೀಸ್ ಸ್ಟೇಷನ್‌ಗೆ ಹೋದಾಗ, ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂದರು. ಅದು ಸರಿಯಾದ ಮಾತೇ.

ಆ ಸಮಯದಲ್ಲಿ ಬಂದ ಸಲಹೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರು ನಿಲ್ಲಿಸಿ, ಕರೆಂಟ್ ತೆಗೆಸಿ, ಅವರು ಊರಿಗೆ ಹೋದಾಗ ಬೀಗ ಒಡೆದು ಸಾಮಾನು ಹೊರಗೆ ಹಾಕಿ ಅಂತ ಹೇಳಿದವರೇ ಜಾಸ್ತಿ. ಖಂಡಿತ ಮಾಡಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಬಾಡಿಗೆದಾರರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹಿಡಿದು ಆರು ತಿಂಗಳ ಒಳಗೆ ಕೇಸ್ ಹಾಕಬಹುದು. ಅಲ್ಲಿ ಮನೆ ಯಾರದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಸ್ವಾಧೀನ ಯಾರ ಹತ್ತಿರ ಇತ್ತು, ಅದನ್ನು ಹೇಗೆ ಕಿತ್ತುಕೊಂಡರು ಅಂತ ಮಾತ್ರ ನೋಡುತ್ತಾರೆ. ನಮ್ಮ ದೊಡ್ಡಪ್ಪ ಎಷ್ಟೇ ಸಿಟ್ಟು ಬಂದರೂ ನೀರಿನ ವಾಲ್ವ್ ಮುಟ್ಟಲಿಲ್ಲ. ಮೇಲಿನ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು.

ಇನ್ನು ಕಾನೂನು. ಬಾಡಿಗೆ ಕಾಯ್ದೆ ಅಂದ ತಕ್ಷಣ ಅದು ಬಾಡಿಗೆದಾರರ ಪರ, ಮನೆ ವಾಪಸ್ ಬರುವುದೇ ಇಲ್ಲ ಅಂತ ಹೆದರಿಸುವವರು ಇದ್ದಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಕೊನೆಗೆ. ಬೆಂಗಳೂರಿನಂಥ ಊರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಈಗ ಅದಕ್ಕಿಂತ ಕಡಿಮೆ ಬಾಡಿಗೆಯ ಮನೆ ಎಲ್ಲಿದೆ? ಹಾಗಾಗಿ ಹೆಚ್ಚಿನ ಮನೆಗಳ ಕೇಸ್ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ. ಅದರ 106ನೇ ಕಲಂ ಪ್ರಕಾರ, ತಿಂಗಳ ಬಾಡಿಗೆಯ ಮನೆಯಾದರೆ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಸಂಬಂಧ ಮುಗಿಸಬೇಕು. ಆಮೇಲೂ ಖಾಲಿ ಮಾಡದಿದ್ದರೆ ದಾವೆ. ಕೋರ್ಟ್ ಶುಲ್ಕವನ್ನು ಮನೆಯ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ ಹಾಕುತ್ತಾರೆ. ಅಷ್ಟರ ಮಟ್ಟಿಗೆ ದಾರಿ ನೇರವಾಗಿಯೇ ಇದೆ.

ನಮಗೆ ಪೆಟ್ಟು ಬಿದ್ದದ್ದು ಆ ನೋಟಿಸ್‌ನಲ್ಲೇ. ಮೊದಲ ವಕೀಲರು ಕ್ರಯಪತ್ರ, ಖಾತಾ ನೋಡಿ ನೋಟಿಸನ್ನೂ ದಾವೆಯನ್ನೂ ದೊಡ್ಡಮ್ಮನ ಹೆಸರಲ್ಲೇ ಮಾಡಿದರು. ಅಗ್ರಿಮೆಂಟಿನಲ್ಲಿ ಯಾರ ಸಹಿ ಇದೆ ಅಂತ ಗಮನಿಸಲಿಲ್ಲ. ಪ್ರತಿವಾದಿಯ, ಅಂದರೆ ಬಾಡಿಗೆಯವರ, ವಕೀಲರು ಗಮನಿಸಿದರು.

ಬೆಂಗಳೂರಿನಲ್ಲಿ ಇಂಥ ಕೇಸುಗಳು ಲಘು ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಅಪಘಾತ ಪರಿಹಾರದ ಕೇಸುಗಳೂ ಅಲ್ಲೇ ನಡೆಯುತ್ತವೆ. ಊರುಗೋಲು ಹಿಡಿದವರು, ಕಾಲಿಗೆ ಕಬ್ಬಿಣದ ರಾಡ್ ಹಾಕಿಸಿಕೊಂಡವರು ಕಾರಿಡಾರಿನ ತುಂಬ ಇರುತ್ತಾರೆ. ಅವರ ನಡುವೆ ಎಪ್ಪತ್ತು ದಾಟಿದ ಇಬ್ಬರು ಬೆಳಗ್ಗೆಯಿಂದ ಕಾಯಬೇಕು. ಹೆಸರು ಕೂಗಿದಾಗ ಹಾಜರಿರಬೇಕು. ವಾದಿಯ ಕಡೆಯಿಂದ ಯಾರೂ ಇಲ್ಲದಿದ್ದರೆ ಕೇಸೇ ವಜಾ ಆಗಬಹುದು. ಎಲ್ಲ ವಾಯಿದೆಗೂ ಮನೆಯವರು ಬರಬೇಕಿಲ್ಲ, ವಕೀಲರು ನೋಡಿಕೊಳ್ಳುತ್ತಾರೆ. ಆದರೆ ಸಾಕ್ಷಿ ಹೇಳುವ ದಿನ ಬರಲೇಬೇಕು.

ದೊಡ್ಡಮ್ಮ ಕಟಕಟೆ ಹತ್ತಿದ ದಿನ ನನಗೆ ಈಗಲೂ ಸಂಕಟ ಆಗುತ್ತದೆ. ಪಾಟಿ ಸವಾಲಿನಲ್ಲಿ ಎದುರು ಕಡೆಯ ವಕೀಲರು ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆಗಳು. ಈ ಕರಾರಿನಲ್ಲಿ ನಿಮ್ಮ ಸಹಿ ಇದೆಯಾ? ಇಲ್ಲ. ಬಾಡಿಗೆ ನಿಮ್ಮ ಖಾತೆಗೆ ಬರುತ್ತಿತ್ತಾ? ಇಲ್ಲ, ನಮ್ಮ ಯಜಮಾನರ ಖಾತೆಗೆ. ಎಷ್ಟು ತಿಂಗಳ ಬಾಕಿ ಇದೆ ಅಂತ ಗೊತ್ತಾ? ಅವರನ್ನು ಕೇಳಬೇಕು. ಒಂದೊಂದೇ ಉತ್ತರ 'ಎಂದರೆ ಸರಿ' ಅಂತ, ಅಂದರೆ ಒಪ್ಪಿಕೊಂಡ ಮಾತಾಗಿ, ಟೈಪ್ ಆಗುತ್ತಾ ಹೋಯಿತು. ಕೊನೆಗೆ, ನಿಮಗೂ ಪ್ರತಿವಾದಿಗೂ ಮಾಲೀಕ ಬಾಡಿಗೆದಾರ ಸಂಬಂಧವೇ ಇಲ್ಲ, ನೀವು ಕೊಟ್ಟ ನೋಟಿಸಿಗೆ ಬೆಲೆ ಇಲ್ಲ ಅಂತ ಸೂಚಿಸಿದರು. ದೊಡ್ಡಮ್ಮ ಹೇಳಿದ್ದೆಲ್ಲ ನಿಜವೇ. ಹೊರಗೆ ಬಂದು "ನಾನೇನಾದರೂ ತಪ್ಪು ಹೇಳಿದೆನೇನೇ?" ಅಂತ ನನ್ನ ಕೈ ಹಿಡಿದುಕೊಂಡರು. ಅವರ ಬೆವರಿನಿಂದ ಸೆರಗು ಒದ್ದೆಯಾಗಿತ್ತು.

ಅಗ್ರಿಮೆಂಟಿನಿಂದ ಇನ್ನೊಂದು ತೊಂದರೆ ಬಂತು. ಅದನ್ನು ಮಾಡಿದ್ದು 100 ರೂಪಾಯಿ ಛಾಪಾ ಕಾಗದದ ಮೇಲೆ. ಕೊಡಬೇಕಿದ್ದ ಮುದ್ರಾಂಕ ಶುಲ್ಕ ಅದಕ್ಕಿಂತ ಜಾಸ್ತಿ ಇತ್ತು. ಸಾಕ್ಷ್ಯಕ್ಕೆ ಗುರುತು ಮಾಡಲು ಹೋದಾಗ ತಕರಾರು ಬಂತು. ಕಡಿಮೆ ಬಿದ್ದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಆ ಕಾಗದವನ್ನು ನೋಡಿದರು. ಬ್ರೋಕರ್ ತರುವ ಕಾಗದ ಸಾಕು ಅಂದುಕೊಳ್ಳಬೇಡಿ. ಒಂದು ವರ್ಷ ಮೀರಿದ ಅವಧಿ ಬರೆದರೆ ನೋಂದಣಿಯೂ ಕಡ್ಡಾಯ.

ಎರಡನೇ ವಕೀಲರು ಕಡತ ಓದಿ ನೇರವಾಗಿ ಹೇಳಿದರು. ಒಬ್ಬ ವ್ಯಕ್ತಿ ಕೊಟ್ಟ ಮನೆಗೆ ಬಾಡಿಗೆಗೆ ಬಂದವರು ಆಮೇಲೆ ಅದೇ ವ್ಯಕ್ತಿಯನ್ನು ನೀನು ಮಾಲೀಕನಲ್ಲ ಅನ್ನುವ ಹಾಗಿಲ್ಲ. ಇದು ಕಾನೂನು. ದೊಡ್ಡಪ್ಪ ಮೊದಲಿನಿಂದಲೇ ಕೇಸಿನಲ್ಲಿ ಇದ್ದಿದ್ದರೆ ಈ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಆಮೇಲೆ ಕೋರ್ಟಿನ ಅನುಮತಿ ಪಡೆದು ಮೊದಲ ದಾವೆ ಹಿಂತೆಗೆದುಕೊಂಡು, ಇಬ್ಬರ ಹೆಸರಲ್ಲೂ ಹೊಸ ನೋಟಿಸ್ ಕೊಟ್ಟು, ಹೊಸ ದಾವೆ ಹೂಡಿದರು. ಶುಲ್ಕ ಮತ್ತೆ ಕಟ್ಟಿದ್ದಾಯಿತು. ಅಷ್ಟೂ ಸಮಯ ಬಾಡಿಗೆಯವರು ಪುಕ್ಕಟೆ ಇದ್ದರು.

ಈ ಸಲ ಬಾಡಿಗೆಯವರು ಬೇರೆ ದಾರಿ ಹಿಡಿದರು. ನೋಟಿಸಿನ ಗಡುವು ಮುಗಿದ ಮೇಲೆ ದೊಡ್ಡಪ್ಪನ ಅಕೌಂಟಿಗೆ ಒಂದು ತಿಂಗಳ ದುಡ್ಡು ಹಾಕಿ 'ಬಾಡಿಗೆ' ಅಂತ ಬರೆದರು. ಗಡುವಿನ ನಂತರದ ಬಾಡಿಗೆ ತೆಗೆದುಕೊಂಡರೆ ನೋಟಿಸ್ ಬಿಟ್ಟುಕೊಟ್ಟ ಹಾಗೆ ಅಂತ ವಾದ ಮಾಡಲು ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಕಲಂ ಇದೆ. ಸುಮ್ನೆ ದುಡ್ಡು ಬಂದ ಮಾತ್ರಕ್ಕೆ ನೋಟಿಸ್ ಬಿದ್ದುಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಮಾಲೀಕರ ಉದ್ದೇಶ ಏನಿತ್ತು ಅನ್ನುವುದು ಮುಖ್ಯ. ವಕೀಲರು ಅದೇ ವಾರ ಪತ್ರ ಕಳಿಸಿದರು: ಇದು ಬಾಡಿಗೆ ಅಲ್ಲ, ಅನಧಿಕೃತವಾಗಿ ಮನೆಯಲ್ಲಿ ಇರುವುದಕ್ಕೆ ನಷ್ಟಪರಿಹಾರದ ಲೆಕ್ಕಕ್ಕೆ ಮಾತ್ರ ಜಮಾ ಮಾಡಿಕೊಂಡಿದ್ದೇವೆ ಅಂತ. ಆ ಒಂದು ಪುಟ ಮುಂದೆ ತುಂಬಾ ಉಪಯೋಗಕ್ಕೆ ಬಂತು. ನಿಮಗೂ ಹೀಗೆ ದುಡ್ಡು ಬಂದರೆ ಸುಮ್ಮನೆ ಇರಬೇಡಿ.

ಹೊರದೇಶದಲ್ಲಿರುವ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸಿ. ಅಣ್ಣನಿಗೋ ಭಾವನಿಗೋ ಪವರ್ ಆಫ್ ಅಟಾರ್ನಿ ಕೊಟ್ಟರೆ ಅವರು ನಿಮ್ಮ ಪರವಾಗಿ ಸಹಿ ಹಾಕಬಹುದು, ಕೇಸ್ ನಡೆಸಬಹುದು. ಆದರೆ ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ ಅವರು ನಿಮ್ಮ ಬದಲು ಸಾಕ್ಷಿ ಹೇಳಲು ಆಗುವುದಿಲ್ಲ. ಬಾಡಿಗೆ ಮಾತುಕತೆ ಆಡಿದವರು ಯಾರೋ ಅವರೇ ಬಂದು ಹೇಳಬೇಕು. ವಯಸ್ಸಾದವರಿಗೆ ಕೋರ್ಟಿಗೆ ಬರಲು ಆಗದಿದ್ದರೆ ಕೋರ್ಟ್ ಕಮಿಷನರ್ ಒಬ್ಬರನ್ನು ನೇಮಿಸಿ ಮನೆಯಲ್ಲೇ ಸಾಕ್ಷ್ಯ ಪಡೆಯಿರಿ ಅಂತ ಅರ್ಜಿ ಹಾಕಬಹುದು. ಹಿರಿಯ ನಾಗರಿಕರು ಅಂತ ಬೇಗ ವಿಚಾರಣೆ ಮಾಡಲೂ ಕೇಳಬಹುದು. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಿದ್ದರೆ ದೊಡ್ಡಮ್ಮನಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಎಲ್ಲ ಬಾಡಿಗೆದಾರರೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಅಡ್ವಾನ್ಸ್ ವಾಪಸ್ ಕೊಡದೆ, ಪೇಂಟಿಂಗ್ ಖರ್ಚು ಅಂತ ಕಿತ್ತುಕೊಂಡು ಸತಾಯಿಸುವ ಮಾಲೀಕರನ್ನೂ ಕಂಡಿದ್ದೇನೆ. ನಾನೂ ಬಾಡಿಗೆ ಮನೆಯಲ್ಲೇ ಇರುವವಳು. ಸರಿಯಾದ ಕಾಗದ ಇದ್ದರೆ ಇಬ್ಬರಿಗೂ ಒಳ್ಳೆಯದು ಅಂತಲೇ ಇಷ್ಟು ಬರೆಯುತ್ತಿದ್ದೇನೆ. ಮಾತಿಗೆ ಬಗ್ಗುವ ಜನ ಸಿಕ್ಕರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ. ಅಲ್ಲಿಯ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ. ನಮ್ಮವರಿಗೆ ಆ ಅದೃಷ್ಟ ಇರಲಿಲ್ಲ. ಮಾತುಕತೆಗೆ ಕರೆದರೆ ಆ ಕಡೆಯವರು ಬರಲೇ ಇಲ್ಲ.

ಕೊನೆಗೆ ತೀರ್ಪು ನಮ್ಮ ಪರ ಆಯಿತು. ಡಿಕ್ರಿ ಬಂದರೆ ಮನೆ ಬಂತು ಅಂದುಕೊಂಡಿದ್ದ ದೊಡ್ಡಪ್ಪನಿಗೆ, ಅದನ್ನು ಜಾರಿ ಮಾಡಿಸಲು ಬೇರೆಯೇ ಅಮಲ್ಜಾರಿ ಅರ್ಜಿ ಹಾಕಬೇಕು ಅಂತ ಕೇಳಿ ಕುಸಿದು ಹೋದ ಹಾಗಾಯಿತು. ಸ್ವಾಧೀನದ ವಾರಂಟ್ ಹಿಡಿದು ಕೋರ್ಟಿನ ಅಮೀನರು ಬರುತ್ತಾರೆ ಅಂತ ಗೊತ್ತಾದ ಮೇಲೆ ಬಾಡಿಗೆಯವರು ರಾತ್ರೋರಾತ್ರಿ ಖಾಲಿ ಮಾಡಿದರು. ಮನೆ ಸಿಕ್ಕಿತು. ಬಾಕಿ ಹಣ ಇನ್ನೂ ಬಂದಿಲ್ಲ. ಎಲ್ಲಿ ಹೋದರು, ಎಲ್ಲಿ ಕೆಲಸ ಮಾಡುತ್ತಾರೆ ಅಂತ ಗೊತ್ತಿಲ್ಲದೆ ಸಂಬಳವನ್ನಾಗಲಿ ಬ್ಯಾಂಕ್ ಖಾತೆಯನ್ನಾಗಲಿ ಜಪ್ತಿ ಮಾಡಿಸಲು ಆಗುವುದಿಲ್ಲ. ಡಿಕ್ರಿಯನ್ನು ಜಾರಿ ಮಾಡಿಸಲು 12 ವರ್ಷ ಅವಕಾಶ ಇದೆ, ಹುಡುಕುತ್ತಿದ್ದೇವೆ. ನೀವು ಕೀ ಕೊಡುವ ದಿನವೇ ಬಾಡಿಗೆದಾರರ ಊರಿನ ವಿಳಾಸ, ಕೆಲಸದ ಜಾಗ, ಬಾಡಿಗೆ ಬರುವ ಬ್ಯಾಂಕ್ ಖಾತೆಯ ವಿವರ ಬರೆಸಿಕೊಂಡು, ಅದನ್ನೂ ಅಗ್ರಿಮೆಂಟಿನಲ್ಲೇ ಸೇರಿಸಿ.